ಬೆಸುಗೆಯ ಬೆಲೆ

(ಬಿ. ಎ. ಅಂತಿಮ ವರ್ಷದ ವಿದ್ಯಾರ್ಥಿ, ಅಮ್ಮಿನಬಾವಿ)

‘ಬೆಸುಗೆ’ ಎಂಬ ಮಾತು ಕನ್ನಡದಲ್ಲಿ ಎರಡು ಮನೆಯ ಒಕ್ಕಲು. ಪತ್ತಾರನ ಅಗ್ಗಿಷ್ಟಿಕೆಯ ಮುಂದೆ ಅದು ಲೋಹವನ್ನು ಲೋಹಕ್ಕೆ ಕೂಡಿಸುವ ಕೆಲಸ. ಅದೇ ಮಾತು ಪಡಸಾಲೆಗೆ ಬಂದರೆ ಮನಸ್ಸು ಮನಸ್ಸಿಗೆ ಕೂಡುವ ಬಗೆ. ಎರಡನೆಯದರ ಮೇಲೆ ನಮ್ಮ ಕವಿಗಳು ಬೇಕಾದಷ್ಟು ಬರೆದಿದ್ದಾರೆ; ಈ ಸಂಚಿಕೆಯಲ್ಲಿಯೇ ಅಂಥ ಒಂದೆರಡು ಕವಿತೆಗಳಿದ್ದರೆ ಆಶ್ಚರ್ಯವಿಲ್ಲ. ನನ್ನ ನಾಲ್ಕು ಮಾತು ಮೊದಲನೆಯದನ್ನು ಕುರಿತವು. ಅದೂ ಬುಗುಡಿ ಬೆಂಡೋಲೆಗಳ ಬೆಸುಗೆಯಲ್ಲ. ಭೂಮಿಯನ್ನು ಬಿಟ್ಟು ಹೋಗುವ ಆಕಾಶನೌಕೆಗಳಲ್ಲಿ ಉರಿಯಿಲ್ಲದೆ ಕಾಯುತ್ತ ಕೂಡುವ ಒಂದು ಪುಟ್ಟ ಭರಣಿಯ ಬೆಸುಗೆ.

ಕಲಾವಿಭಾಗದ ವಿದ್ಯಾರ್ಥಿಗೆ ಈ ಉಸಾಬರಿ ಏಕೆಂದು ಕೇಳುವವರುಂಟು. ಆ ಭರಣಿಯೊಳಗಿರುವುದು ವಿಷ; ಅದು ಹಾರುವುದು ನಮ್ಮೆಲ್ಲರ ತಲೆಯ ಮೇಲೆ. ಅದನ್ನು ಹಾರಿಸಬೇಕೋ ಬಾರದೋ ಎಂಬುದು ಬರಿಯ ವಿಜ್ಞಾನಿಯ ಪ್ರಶ್ನೆಯಲ್ಲ, ನಾಗರಿಕನ ಪ್ರಶ್ನೆ. ಈ ಕುರಿತ ಚರ್ಚೆಯಲ್ಲಿ ಒಬ್ಬರು ಇಂಧನದ ಮಾತು ತೆಗೆಯುತ್ತಾರೆ, ಇನ್ನೊಬ್ಬರು ರಾಕೆಟ್ಟಿನ ಮಾತು ತೆಗೆಯುತ್ತಾರೆ. ಎರಡು ಬಟ್ಟಲುಗಳು ಬಾಯಿಗೆ ಬಾಯಿ ಕೂಡುವ ಆ ಒಂದು ಗೆರೆಯ ಮಾತನ್ನು ಯಾರೂ ತೆಗೆಯುವುದಿಲ್ಲ. ಎಲ್ಲವೂ ನಿಂತಿರುವುದು ಆ ಗೆರೆಯ ಮೇಲೆಯೇ ಎಂಬುದು ನನ್ನ ಎಣಿಕೆ.

ಮೊದಲು ಈ ಕಾವು ಬೇಕಾದದ್ದು ಏಕೆಂಬುದನ್ನು ನೋಡೋಣ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ‘ವಿಕ್ರಮ’ ಚಂದ್ರನ ದಕ್ಷಿಣ ಭಾಗದಲ್ಲಿ ಇಳಿದುದನ್ನು ನೋಡದ ಕನ್ನಡಿಗನಿಲ್ಲ. ಅದನ್ನು ಕಟ್ಟಿದ್ದು ಬೆಂಗಳೂರಿನಲ್ಲಿ, ನಮ್ಮ ಉಡುಪಿಯ ಕಡೆಯ ಯು. ಆರ್. ರಾಯರ ಹೆಸರು ಹೊತ್ತ ಉಪಗ್ರಹ ಕೇಂದ್ರದಲ್ಲಿ. ಇಳಿದುದರ ಸಂಭ್ರಮ ಎಲ್ಲರಿಗೂ ನೆನಪಿದೆ. ಆಮೇಲಿನದು ಅಷ್ಟು ನೆನಪಿಲ್ಲ. ಚಂದ್ರನ ಒಂದು ಹಗಲು ನಮ್ಮ ಹದಿನಾಲ್ಕು ದಿನ, ರಾತ್ರಿಯೂ ಅಷ್ಟೇ. ಆ ರಾತ್ರಿಯ ಚಳಿ ಸೊನ್ನೆಗಿಂತ ನೂರು ಡಿಗ್ರಿಗೂ ಹೆಚ್ಚು ಕೆಳಗೆ ಇಳಿಯುತ್ತದೆ. ಸೆಪ್ಟೆಂಬರ್ ಮೊದಲ ವಾರದಲ್ಲಿ ವಿಕ್ರಮನನ್ನೂ ಪ್ರಜ್ಞಾನನನ್ನೂ ಮಲಗಿಸಿದರು. 22ರಂದು ಬೆಳಗಾದ ಮೇಲೆ ಕರೆದರು. ಓಗೊಡಲಿಲ್ಲ. ಬಿಸಿಲನ್ನೇ ನಂಬಿದ ಯಂತ್ರ ಬಿಸಿಲಿಲ್ಲದ ಹದಿನಾಲ್ಕು ದಿನ ಬದುಕಲಾರದೆ ಹೋಯಿತು. ಹಗಲಿನ ಕೆಲಸಕ್ಕೆಂದೇ ಕಟ್ಟಿದ್ದ ಯಂತ್ರವದು, ಆ ಕೆಲಸವನ್ನು ಪೂರ್ತಿ ಮಾಡಿಯೇ ಮಲಗಿತು. ಆದ್ದರಿಂದ ಇದನ್ನು ಸೋಲೆನ್ನುವುದು ತಪ್ಪು. ಆದರೆ ಒಂದು ರಾತ್ರಿಯನ್ನು ದಾಟಬೇಕಾದರೆ ಮೈಯೊಳಗೆ ಕಾವು ಬೇಕು ಎಂಬ ಪಾಠವಂತೂ ಕಣ್ಣ ಮುಂದೆ ನಿಂತಿತು.

ಅದೇ ಚಂದ್ರಯಾನದಲ್ಲಿ, ಲ್ಯಾಂಡರನ್ನು ಚಂದ್ರನವರೆಗೆ ಹೊತ್ತು ಒಯ್ದ ನೋದನ ಘಟಕದೊಳಗೆ, ಒಂದೊಂದು ವಾಟ್ ಕಾವು ಕೊಡುವ ಎರಡು ಪುಟ್ಟ ಪರಮಾಣು ಕಾವುಗೂಡುಗಳಿದ್ದವು. ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರ ಅವನ್ನು ರೂಪಿಸಿತ್ತು. ಈ ಸುದ್ದಿ ಪತ್ರಿಕೆಗಳ ಒಳಪುಟದಲ್ಲಿ ಬಂದು ಹೋಯಿತು. ನನ್ನ ಮಟ್ಟಿಗೆ ಅದು ಮುಖಪುಟದ ಸುದ್ದಿ. ನಮ್ಮ ದೇಶ ಆ ದಾರಿಯಲ್ಲಿ ಮೊದಲ ಹೆಜ್ಜೆಯನ್ನು ಇಟ್ಟಾಗಿದೆ ಎಂಬುದು ಅದರ ಅರ್ಥ. ‘ಇಡಬೇಕೇ?’ ಎಂದು ಕೇಳುವ ಕಾಲ ಹಿಂದೆ ಸರಿದು, ‘ಹೇಗೆ ಇಡಬೇಕು?’ ಎಂದು ಕೇಳುವ ಕಾಲ ಬಂದಿದೆ.

ಇಂಥ ಕೆಲಸಕ್ಕೆ ಜಗತ್ತು ಹೆಚ್ಚಾಗಿ ಬಳಸಿದ ಇಂಧನ ಪ್ಲುಟೋನಿಯಂ-238. ಬಾಂಬಿನ ಪ್ಲುಟೋನಿಯಂ ಬೇರೆ, ಇದು ಬೇರೆ. ಇದು ಸಿಡಿಯುವುದಿಲ್ಲ, ತನ್ನ ಪಾಡಿಗೆ ತಾನು ಕ್ಷಯಿಸುತ್ತ ಕಾಯುತ್ತಿರುತ್ತದೆ. ಅದರ ಅರ್ಧಾಯು 87.7 ವರ್ಷ, ಅಜ್ಜ ಒಟ್ಟಿದ ಕುಲುಮೆಯ ಮುಂದೆ ಮೊಮ್ಮಗನೂ ಚಳಿ ಕಾಯಿಸಬಹುದೆನ್ನಿ! ಎರಡು ಬಗೆಯ ಲೋಹಗಳನ್ನು ಜೋಡಿಸಿ ಒಂದು ತುದಿಯನ್ನು ಕಾಯಿಸಿ ಇನ್ನೊಂದನ್ನು ತಣ್ಣಗಿಟ್ಟರೆ ವಿದ್ಯುತ್ತು ಹರಿಯುವುದನ್ನು ಸೀಬೆಕ್ ಎಂಬಾತ 1821ರಲ್ಲಿಯೇ ಕಂಡಿದ್ದ. ಆ ತತ್ತ್ವ ಮತ್ತು ಈ ಕಾವು ಕೂಡಿ ಚಲಿಸುವ ಭಾಗವೊಂದೂ ಇಲ್ಲದ ವಿದ್ಯುದಾಗಾರವಾಗುತ್ತದೆ. 1977ರಲ್ಲಿ ಹೊರಟ ಎರಡು ವಾಯೇಜರ್ ನೌಕೆಗಳು ಸೂರ್ಯನೇ ಒಂದು ನಕ್ಷತ್ರದಷ್ಟು ಚಿಕ್ಕದಾಗಿ ಕಾಣುವಷ್ಟು ದೂರ ಹೋಗಿಯೂ ಮಾತಾಡುತ್ತ ಬಂದದ್ದು ಇದರ ಬಲದಿಂದ. ಮಂಗಳನ ಮೇಲೆ 2012ರಲ್ಲಿ ಇಳಿದ ‘ಕ್ಯೂರಿಯಾಸಿಟಿ’, 2021ರಲ್ಲಿ ಇಳಿದ ‘ಪರ್ಸಿವಿಯರೆನ್ಸ್’ ಇವೂ ಇದೇ ಮನೆತನದವು.

ಇನ್ನು ವಿಷದ ಮಾತು. ಪ್ಲುಟೋನಿಯಂ ಸೂಸುವ ಆಲ್ಫಾ ಕಿರಣವನ್ನು ಒಂದು ಹಾಳೆ ಕಾಗದವೂ ತಡೆದೀತು. ಆದರೆ ಅದರ ನವುರು ಧೂಳು ಉಸಿರಿನ ಜೊತೆ ಪುಪ್ಪುಸವನ್ನು ಹೊಕ್ಕರೆ ಅಲ್ಲಿಯೇ ಬಿಡಾರ ಹೂಡಿ ಒಳಗಿನಿಂದ ಸುಡುತ್ತದೆ. ಆದುದರಿಂದ ಇಡೀ ಪ್ರಶ್ನೆ ಒಂದೇ: ಭರಣಿ ಒಡೆಯಬಾರದು. ರಾಕೆಟ್ಟು ಸಿಡಿದರೂ, ಆಕಾಶದಿಂದ ಉರಿದು ಬಿದ್ದರೂ, ಕಲ್ಲಿಗೆ ಅಪ್ಪಳಿಸಿದರೂ ಒಡೆಯಬಾರದು.

ಈ ಮಾತನ್ನು ಜಗತ್ತು ಪುಕ್ಕಟೆ ಕಲಿಯಲಿಲ್ಲ. 1964ರ ಏಪ್ರಿಲ್ 21ರಂದು ಅಮೆರಿಕದ ಉಪಗ್ರಹವೊಂದು ಕಕ್ಷೆಯನ್ನು ಮುಟ್ಟದೆ ಹಿಂದಿರುಗಿ ಬಿದ್ದಿತು. ಅದರೊಳಗಿದ್ದ ಸ್ನ್ಯಾಪ್-9ಎ ಎಂಬ ಯಂತ್ರದಲ್ಲಿ ಸುಮಾರು ಒಂದು ಕಿಲೋಗ್ರಾಂ ಪ್ಲುಟೋನಿಯಂ ಇತ್ತು. ಅದೆಲ್ಲ ಹಿಂದೂ ಮಹಾಸಾಗರದ ಪಶ್ಚಿಮ ಭಾಗದ ಮೇಲೆ ಎತ್ತರದಲ್ಲಿ ಉರಿದು ಬೂದಿಯಾಗಿ ಗಾಳಿಗೆ ಕೂಡಿತು. ಮುಂದಿನ ವರ್ಷಗಳಲ್ಲಿ ಜಗತ್ತಿನ ಹಲವು ಕಡೆಯ ಮಣ್ಣಿನಲ್ಲಿ ಅದರ ಗುರುತು ಸಿಕ್ಕಿತು. ಯಂತ್ರವು ಕೆಟ್ಟು ಹೀಗಾಯಿತೇ ಎಂದರೆ ಅದೂ ಅಲ್ಲ. ಬಿದ್ದರೆ ಮೇಲೆಯೇ ಉರಿದು ತೆಳ್ಳಗೆ ಹರಡಿ ಹೋಗಲಿ ಎಂಬುದೇ ಆಗಿನ ಯೋಜನೆ! ಯಂತ್ರ ಹೇಳಿದ ಹಾಗೆ ಕೇಳಿತ್ತು. ಹೇಳಿದವರ ಬುದ್ಧಿಯೇ ಬದಲಾಗಬೇಕಾಗಿತ್ತು. ಬದಲಾಯಿತು. ಅಂದಿನಿಂದ ‘ಹರಡಲಿ’ ಎಂಬ ಮಾತು ಹೋಗಿ ‘ಇಡಿಯಾಗಿ ಉಳಿಯಲಿ’ ಎಂಬ ಮಾತು ಬಂದಿತು. ನಾಲ್ಕೇ ವರ್ಷದಲ್ಲಿ ಅದರ ಪರೀಕ್ಷೆಯೂ ಆಯಿತು. 1968ರ ಮೇ ತಿಂಗಳಲ್ಲಿ ನಿಂಬಸ್ ಉಪಗ್ರಹದ ರಾಕೆಟ್ಟು ದಾರಿ ತಪ್ಪಿದಾಗ ಅದನ್ನು ಕ್ಯಾಲಿಫೋರ್ನಿಯಾದ ಕರೆಯಾಚೆ ಸಿಡಿಸಬೇಕಾಯಿತು. ಸಮುದ್ರದ ತಳದಿಂದ ಇಂಧನದ ಕೋಶಗಳನ್ನು ಇಡಿಯಾಗಿ ಮೇಲೆತ್ತಿ, ಅದೇ ಇಂಧನವನ್ನು ಮರುವರ್ಷದ ಉಪಗ್ರಹಕ್ಕೆ ಬಳಸಿದರು. 1970ರಲ್ಲಿ ಅಪೊಲೊ-13 ಅರ್ಧ ದಾರಿಯಿಂದ ಮರಳಿದಾಗ ಅದರ ಇಂಧನದ ಪೀಪಾಯಿ ಶಾಂತಸಾಗರದ ಟೋಂಗಾ ಕಮರಿಗೆ ಇಳಿಯಿತು. ಸೋರಿದ ಕುರುಹು ಕಾಣಲಿಲ್ಲ.

ಇವೆಲ್ಲ ದೂರದ ಕಥೆಗಳೆಂದು ಯಾರೂ ಹಗುರಾಗಬೇಕಾಗಿಲ್ಲ. ನಮ್ಮ ನೆಲದಲ್ಲಿಯೂ ಒಂದು ಕಥೆಯಿದೆ. 1965ರಲ್ಲಿ ಚೀನಾದ ಕ್ಷಿಪಣಿ ಪರೀಕ್ಷೆಗಳ ಮೇಲೆ ಕಣ್ಣಿಡಲು ಅಮೆರಿಕ ಮತ್ತು ಭಾರತದ ಬೇಹುಗಾರ ಇಲಾಖೆಗಳು ಕೂಡಿ, 7,816 ಮೀಟರ್ ಎತ್ತರದ ನಂದಾದೇವಿಯ ನೆತ್ತಿಗೆ ಒಂದು ಯಂತ್ರವನ್ನು ಸಾಗಿಸಹೊರಟವು. ಅದಕ್ಕೆ ವಿದ್ಯುತ್ತು ಕೊಡಬೇಕಾದುದು ಪ್ಲುಟೋನಿಯಂ ಕಾವಿನದೇ ಒಂದು ಉತ್ಪಾದಕ. ಹಿಮಗಾಳಿ ಎದ್ದಿತು, ಅದನ್ನು ದಾರಿಯಲ್ಲಿಯೇ ಕಟ್ಟಿಹಾಕಿ ತಂಡ ಕೆಳಗೆ ಇಳಿಯಿತು. ಮರುವರ್ಷ ಹೋಗಿ ನೋಡಿದರೆ ಆ ಜಾಗವೇ ಹಿಮಪಾತಕ್ಕೆ ಕುಸಿದು ಹೋಗಿತ್ತು. ಎಷ್ಟು ಹುಡುಕಿದರೂ ಸಿಗಲಿಲ್ಲ. ದೇಶಕ್ಕೆ ಇದು ಗೊತ್ತಾದದ್ದು 1978ರಲ್ಲಿ, ಅದೂ ಅಮೆರಿಕದ ಪತ್ರಿಕೆಯೊಂದು ಬರೆದ ಮೇಲೆ. ಆಗಿನ ಪ್ರಧಾನಿ ಮೊರಾರ್ಜಿ ದೇಸಾಯಿಯವರು ಸಂಸತ್ತಿನಲ್ಲಿ ಒಪ್ಪಿಕೊಳ್ಳಬೇಕಾಯಿತು. (ಧಾರವಾಡ ಮುಂಬಯಿ ಪ್ರಾಂತದಲ್ಲಿದ್ದಾಗ ನಮ್ಮ ಹಿರಿಯರಿಗೆ ಮುಖ್ಯಮಂತ್ರಿಗಳಾಗಿದ್ದವರೇ ಇವರು, ಮಾತಿನಲ್ಲಿ ಸಕ್ಕರೆ ಬೆರೆಸುವ ಅಭ್ಯಾಸ ಅವರಿಗೆ ಇರಲಿಲ್ಲವೆಂದು ಕೇಳಿದ್ದೇನೆ.) ವಿಜ್ಞಾನಿಗಳ ಸಮಿತಿಯೊಂದನ್ನು ನೇಮಿಸಿದರು, ನಮ್ಮ ನಾಡಿನ ರಾಜಾ ರಾಮಣ್ಣನವರೂ ಅದರಲ್ಲಿದ್ದರು. ಯಂತ್ರ ಮಾತ್ರ ಕೈಗೆ ಬರಲಿಲ್ಲ. ಆ ಬೆಟ್ಟದ ಹಿಮ ಕರಗಿ ಋಷಿಗಂಗೆಯಾಗಿ, ಅಲಕನಂದೆಯನ್ನು ಸೇರಿ, ಗಂಗೆಯಾಗಿ ಹರಿಯುತ್ತದೆ. ಆ ನೀರಿಗೂ ಆ ಇಂಧನಕ್ಕೂ ನಡುವೆ ಇರುವುದು ಲೋಹದ ಹೊದಿಕೆಗಳು ಮತ್ತು ಅವುಗಳ ಕೂಡುಗಳು. ಬೆಸುಗೆಯ ಬೆಲೆ ಏನೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಉದಾಹರಣೆ ನನಗೆ ತೋಚುವುದಿಲ್ಲ.

ಈಗ ಲೋಹಕ್ಕೆ ಬರೋಣ. ಮೇಲೆ ಹೇಳಿದ ಅನುಭವಗಳೆಲ್ಲ ಕೂಡಿ ಅಮೆರಿಕದವರನ್ನು ಒಂದು ವಿಚಿತ್ರ ಲೋಹದ ಬಾಗಿಲಿಗೆ ತಂದು ನಿಲ್ಲಿಸಿದವು: ಇರಿಡಿಯಂ. ಹಳೆಯ ಶಾಯಿ ಪೆನ್ನುಗಳ ನಿಬ್ಬಿನ ಮೇಲೆ ‘ಇರಿಡಿಯಂ ಪಾಯಿಂಟ್’ ಎಂದು ಕೊರೆದಿರುವುದನ್ನು ನಮ್ಮ ಪ್ರಾಧ್ಯಾಪಕರು ಬಲ್ಲರು. ನಿಬ್ಬಿನ ತುದಿಗೆ ಬೆಸೆದ ಸಾಸಿವೆಗಿಂತ ಚಿಕ್ಕದಾದ ಆ ಗುಂಡು, ಈ ಜಾತಿಯ ಗಡುಸು ಲೋಹಗಳಿಂದ ಮಾಡಿದ್ದು. 1803ರಲ್ಲಿ ಸ್ಮಿತ್‌ಸನ್ ಟೆನಂಟ್ ಎಂಬ ಇಂಗ್ಲಿಷ್ ರಸಾಯನಜ್ಞ ಪ್ಲಾಟಿನಂ ಅದುರನ್ನು ಕರಗಿಸಿ ಉಳಿದ ಕಪ್ಪು ಗಸಿಯಲ್ಲಿ ಇದನ್ನು ಕಂಡು, ಇದರ ಲವಣಗಳು ನಾನಾ ಬಣ್ಣಕ್ಕಿರುವುದರಿಂದ ಗ್ರೀಕರ ಮಳೆಬಿಲ್ಲಿನ ದೇವತೆಯ ಹೆಸರನ್ನಿಟ್ಟ. ಚಿನ್ನ 1064 ಡಿಗ್ರಿಗೆ ಕರಗಿದರೆ, ಕಬ್ಬಿಣ 1538ಕ್ಕೆ, ಇದು 2446 ಡಿಗ್ರಿಗೆ. ನೀರಿನ ಇಪ್ಪತ್ತೆರಡೂವರೆ ಪಟ್ಟು ತೂಕ. ತುಕ್ಕು ಹಿಡಿಯದು, ಸುತ್ತಲೂ ಹೊದಿಸುವ ಗ್ರಾಫೈಟಿನ ಜೊತೆಗೂ ಒಳಗಿನ ಪ್ಲುಟೋನಿಯಂ ಆಕ್ಸೈಡಿನ ಜೊತೆಗೂ ಜಗಳವಾಡದು. ಜಗತ್ತಿನಲ್ಲಿ ವರ್ಷಕ್ಕೆ ಕೆಲವೇ ಟನ್ನು ಸಿಗುವ ಈ ಲೋಹದ ಬಹುಪಾಲು ಬರುವುದು ದಕ್ಷಿಣ ಆಫ್ರಿಕದಿಂದ. ನಮ್ಮಲ್ಲಿ ಚನ್ನಗಿರಿ ತಾಲೂಕಿನ ಹನುಮಲಾಪುರದ ಬಂಡೆಗಳಲ್ಲಿ ಪ್ಲಾಟಿನಂ ವರ್ಗದ ಲೋಹಗಳು ಇರುವುದನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ.

ಇಷ್ಟು ಗುಣವಂತ ಲೋಹಕ್ಕೆ ಒಂದು ದೊಡ್ಡ ಅವಗುಣವೂ ಇದೆ. ಅದು ಪೆಡಸು. ಲೋಹವೆಂಬುದು ಒಂದೇ ಹಾಸುಗಲ್ಲಲ್ಲ. ಕಣ್ಣಿಗೆ ಕಾಣದ ಸಣ್ಣ ಹರಳುಗಳು ಒತ್ತಿ ಕುಳಿತ ಗೋಡೆ. ಪೆಟ್ಟು ಬಿದ್ದಾಗ ಇರಿಡಿಯಂ ಆ ಹರಳುಗಳ ಸಂದಿನಲ್ಲಿಯೇ ಬಿರಿಯುತ್ತದೆ. ಓಕ್ ರಿಜ್ ಎಂಬಲ್ಲಿಯ ರಾಷ್ಟ್ರೀಯ ಪ್ರಯೋಗಾಲಯದವರು ವರ್ಷಗಟ್ಟಲೆ ದುಡಿದು ಇದಕ್ಕೆ ಮದ್ದು ಕಂಡರು: ನೂರಕ್ಕೆ 0.3 ಭಾಗ ಟಂಗ್‌ಸ್ಟನ್, ಹತ್ತು ಲಕ್ಷಕ್ಕೆ 60 ಭಾಗ ಥೋರಿಯಂ, 50 ಭಾಗ ಅಲ್ಯುಮಿನಿಯಂ. ಹತ್ತು ಲಕ್ಷ ಜೋಳದ ಕಾಳಿನಲ್ಲಿ ಅರವತ್ತು ಕಾಳು ಎಂದರೆ ಎಷ್ಟು? ಅಷ್ಟು ಥೋರಿಯಂ ಸಾಕು. ಅದು ಹೋಗಿ ಹರಳುಗಳ ಸಂದಿನಲ್ಲಿ ಕುಳಿತು ಅವು ಒಂದನ್ನೊಂದು ಬಿಡದಂತೆ ಹಿಡಿಯುತ್ತದೆ. ನಮ್ಮ ಕೇರಳದ ಕರೆಯ ಮರಳಿನಲ್ಲಿ ಸಿಗುವ ಥೋರಿಯಮ್ಮೇ ಇದು.

ನಮ್ಮ ಪತ್ತಾರರಿಗೆ ಈ ಮಾತು ಹೊಸದಲ್ಲ. ಚಿನ್ನದಲ್ಲಿ ಸೀಸದ ಸೋಂಕು ಒಂದಿಷ್ಟು ತಗುಲಿದರೂ ಅದು ಸುತ್ತಿಗೆಯ ಕೆಳಗೆ ಬಿರಿಯುತ್ತದೆ; ಆದ್ದರಿಂದ ಅವರು ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಸಾಸಿವೆಯಷ್ಟು ಬೆರಕೆ ಸೇರಿನಷ್ಟು ಲೋಹದ ಸ್ವಭಾವವನ್ನೇ ಬದಲಿಸುತ್ತದೆ ಎಂಬ ಅರಿವು ಸೂಕ್ಷ್ಮದರ್ಶಕ ಬರುವುದಕ್ಕಿಂತ ಎಷ್ಟೋ ಹಿಂದೆ ಕುಲುಮೆಯ ಮುಂದೆಯೇ ಹುಟ್ಟಿದ್ದು. ಅಲ್ಲಿ ಬೆರಕೆ ಕೆಡಿಸುತ್ತದೆ, ಇಲ್ಲಿ ಬೆರಕೆ ಉಳಿಸುತ್ತದೆ, ಅಷ್ಟೇ ಭೇದ.

ಆದರೆ ಉಳಿಸುವ ಈ ಬೆರಕೆಯೇ ಬೆಸುಗೆಯ ವೇಳೆ ಕೆಡಿಸುವ ಬೆರಕೆಯೂ ಆಯಿತು. ಇಲ್ಲಿಯೇ ಕಥೆಯ ರುಚಿ ಇರುವುದು. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಇಂಧನದ ಬಿಲ್ಲೆಯೊಂದು ಸುಮಾರು 150 ಗ್ರಾಂ. ಅದು ತಾನಾಗಿಯೇ ಸುಮಾರು 60 ವಾಟ್ ಕಾವನ್ನು ಕೊಡುತ್ತದೆ. ಅದನ್ನು ಇರಿಡಿಯಂ ಮಿಶ್ರಲೋಹದ ಎರಡು ಬಟ್ಟಲುಗಳ ನಡುವೆ ಇಟ್ಟು ಬಾಯಿಗೆ ಬಾಯಿ ಕೂಡಿಸುತ್ತಾರೆ. ಮುಚ್ಚಿದ ಮೇಲೆ ಸುಮಾರು ಮೂರು ಸೆಂಟಿಮೀಟರು ಅಗಲ, ಅಷ್ಟೇ ಎತ್ತರ. ನಮ್ಮ ತಾಯಂದಿರ ಕುಂಕುಮದ ಭರಣಿಯಷ್ಟು. ಗೋಡೆಯ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ಕ್ಷಯಿಸುವ ಪ್ಲುಟೋನಿಯಂ ಹೀಲಿಯಂ ಅನಿಲವನ್ನು ಹೊರಸೂಸುವುದರಿಂದ, ಅನಿಲ ಹೊರಗೆ ಹೋಗಿ ಧೂಳು ಒಳಗೆ ಉಳಿಯುವಂತೆ ಇರಿಡಿಯಂ ಪುಡಿಯಿಂದಲೇ ಮಾಡಿದ ಒಂದು ಸೋಸುಗಂಡಿಯನ್ನೂ ಇಡುತ್ತಾರೆ. ಇಂಥ 72 ಭರಣಿಗಳು ಕೂಡಿದರೆ ಶನಿಗ್ರಹಕ್ಕೆ ಹೋದ ‘ಕ್ಯಾಸಿನಿ’ಯ ಮೂರು ಉತ್ಪಾದಕಗಳಲ್ಲಿ ಒಂದಕ್ಕೆ ಆಗುವಷ್ಟು. ಕ್ಯೂರಿಯಾಸಿಟಿಯ ಒಂದೇ ಉತ್ಪಾದಕಕ್ಕೆ 32.

ಪತ್ತಾರನು ಬಳೆಯನ್ನು ಬೆಸೆಯುವಾಗ ಚಿನ್ನವನ್ನೇ ಕರಗಿಸುವುದಿಲ್ಲ. ಚಿನ್ನಕ್ಕೆ ಬೆಳ್ಳಿ ತಾಮ್ರ ಬೆರೆಸಿ, ಚಿನ್ನಕ್ಕಿಂತ ಮೊದಲು ಕರಗುವ ಒಂದು ಬೆಸುಗೆಯ ಚೂರನ್ನು ಸಂದಿನಲ್ಲಿಟ್ಟು, ಬಿಳಿಗಾರ ಹಚ್ಚಿ, ಊದುಗೊಳವೆಯಿಂದ ಉರಿ ಊದುತ್ತಾನೆ. ಚೂರು ಕರಗಿ ಹರಿಯುತ್ತದೆ. ಬಳೆ ಹಾಗೆಯೇ ಇರುತ್ತದೆ. ಭರಣಿಗೆ ಈ ಉಪಾಯ ನಡೆಯದು. ಮೊದಲು ಕರಗುವ ಲೋಹವನ್ನು ಕೂಡಿನಲ್ಲಿಟ್ಟರೆ ಆಕಾಶದಿಂದ ಉರಿದು ಬೀಳುವಾಗ ಮೊದಲು ಬಾಯಿ ಬಿಡುವುದು ಅದೇ ಕೂಡು. ಆದುದರಿಂದ ಬಟ್ಟಲಿನ ಅಂಚುಗಳನ್ನೇ ಕರಗಿಸಿ ಒಂದರೊಳಗೊಂದು ಬೆರೆಸಬೇಕು. ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ಚಿಮ್ಮುವ ವಿದ್ಯುತ್ತಿನ ಉರಿ, ಸುತ್ತಲೂ ಗಾಳಿಯ ಬದಲು ಹೀಲಿಯಂ, ಭರಣಿ ಮೆಲ್ಲನೆ ತಿರುಗುವ ಚಕ್ರ, ವಿಷಕ್ಕಾಗಿ ಮುಚ್ಚಿದ ಕೈಗವಸುಗಳ ಪೆಟ್ಟಿಗೆ: ಇದು ಅವರ ಅಗ್ಗಿಷ್ಟಿಕೆ.

ಕರಗಿದ ಲೋಹ ಆರುವಾಗ ಇರಿಡಿಯಂ ಮೊದಲು ಗಟ್ಟಿಯಾಗುತ್ತದೆ. ಥೋರಿಯಂ ಹೆಚ್ಚು ಕೂಡಿದ ಅಂಶ ಹರಳುಗಳ ಸಂದಿಗೆ ಸರಿದು ಇನ್ನೂ ದ್ರವವಾಗಿಯೇ ಉಳಿಯುತ್ತದೆ. ಕಲ್ಲು ಕುಳಿತರೂ ನಡುವಿನ ಗಾರೆ ಹಸಿಯಿರುವಂತೆ. ಆರುವ ಲೋಹ ಕುಗ್ಗಿ ಎಳೆಯುತ್ತದೆ; ಹಸಿಯ ಸಂದು ಬಾಯಿಬಿಡುತ್ತದೆ. ಬೆಸುಗೆಯವರು ಇದನ್ನು ‘ಬಿಸಿ ಬಿರುಕು’ ಎನ್ನುತ್ತಾರೆ. ಥೋರಿಯಂ ಹತ್ತು ಲಕ್ಷಕ್ಕೆ 200 ಭಾಗದಷ್ಟಿದ್ದಾಗ ವಿದ್ಯುತ್ತಿನ ಉರಿಯ ಬೆಸುಗೆ ಬಿರಿಯುತ್ತಿತ್ತು. ಕಡಿಮೆ ಮಾಡಿದರೆ ಬೆಸುಗೆ ಒಳ್ಳೆಯದು, ಪೆಟ್ಟಿಗೆ ಲೋಹ ಪೆಡಸು. ಹೆಚ್ಚು ಮಾಡಿದರೆ ಲೋಹ ಗಟ್ಟಿ, ಬೆಸುಗೆ ಹಾಳು. ಈ ಎರಡರ ನಡುವೆ ಹಿಡಿದ ಗೆರೆಯೇ ಆ 60.

ಅಷ್ಟಕ್ಕೂ ಮುಗಿಯಲಿಲ್ಲ. ಭರಣಿ ದುಂಡಗಿರುವುದರಿಂದ ಉರಿ ಒಂದು ಸುತ್ತು ಬಂದು ತಾನು ಆರಂಭಿಸಿದ ಎಡೆಯನ್ನೇ ಮತ್ತೆ ಮುಟ್ಟಬೇಕು. ಒಮ್ಮೆ ಆರಿದ ಲೋಹ ಅಲ್ಲಿ ಎರಡನೆಯ ಸಲ ಕರಗುತ್ತದೆ. ಬಿರುಕುಗಳು ಕಾಣಿಸಿಕೊಂಡದ್ದು ಹೆಚ್ಚಾಗಿ ಅಲ್ಲಿಯೇ, ಬೆಸುಗೆಯ ತಳದ ಮಗ್ಗುಲಲ್ಲಿ, ಹೊರಗಿನ ಕಣ್ಣಿಗೆ ಬೀಳದಂತೆ. ಬಳೆಯ ಕೊನೆ ತಲೆಯನ್ನು ಮುಟ್ಟುವ ಎಡೆಯೇ ಕಷ್ಟದ ಎಡೆಯೆಂದು ಯಾವ ಪತ್ತಾರನಾದರೂ ಹೇಳಿಯಾನು. ಅದಕ್ಕೆ ನಾಲ್ಕು ಧ್ರುವಗಳ ಆಯಸ್ಕಾಂತವನ್ನಿಟ್ಟು ಉರಿಯನ್ನು ಅತ್ತಿತ್ತ ತೂಗಾಡಿಸಿ ಬೆಸೆಯುವ ಕ್ರಮವನ್ನು ತಂದರು. ಬೆಸೆದಾದ ಮೇಲೆ ಕಿವಿಗೆ ಕೇಳದ ಧ್ವನಿಯ ಅಲೆಗಳನ್ನು ಹಾಯಿಸಿ ಒಳಗಿನ ಬಿರುಕನ್ನು ಹುಡುಕಿದರು. ಇದೇ ಅವರ ಒರೆಗಲ್ಲು. ಇನ್ನು ಮಾದರಿ ಭರಣಿಗಳನ್ನು ಕಾಯಿಸಿ, ಸೆಕೆಂಡಿಗೆ 50 ಮೀಟರಿಗೂ ಮಿಕ್ಕ ವೇಗದಲ್ಲಿ ಗಟ್ಟಿ ಗುರಿಗೆ ಅಪ್ಪಳಿಸಿ, ನುಗ್ಗಾದರೂ ಸೀಳಿತೋ ಇಲ್ಲವೋ ಎಂದು ನೋಡಿದರು. ನುಗ್ಗಾಗುವುದು ತಪ್ಪಲ್ಲ, ಸೀಳುವುದು ತಪ್ಪು. ಒಂದು ವಾಟಿನ ಚಿಕ್ಕ ಕಾವುಗೂಡುಗಳಿಗೆ ಅವರು ಇರಿಡಿಯಂ ಬದಲು ನೂರಕ್ಕೆ 30 ಭಾಗ ರೋಡಿಯಂ ಬೆರೆತ ಪ್ಲಾಟಿನಮ್ಮನ್ನು ಹೊದಿಸಿದರು. ಅಲ್ಲಿಯೂ ಇಂಧನಕ್ಕೆ ಕಾವಲು ಬೆಸುಗೆಯೇ.

ಇಷ್ಟೆಲ್ಲ ಹೇಳಿದ್ದು ಪಾಂಡಿತ್ಯಕ್ಕಲ್ಲ. ಒಂದು ಭರಣಿಯ ಒಂದು ಸುತ್ತಿಗೆ ಇಷ್ಟು ವರ್ಷಗಳ ದುಡಿಮೆ ಬೇಕಾಯಿತು ಎಂಬುದನ್ನು ತೋರಿಸಲು. ನಾವು ನಾಳೆ ಚಂದ್ರನ ರಾತ್ರಿಯನ್ನು ದಾಟುವ, ಮಂಗಳದ ಮೇಲೆ ವರ್ಷಗಟ್ಟಲೆ ದುಡಿಯುವ ನೌಕೆಗಳನ್ನು ಕಟ್ಟುವುದಾದರೆ, ಮೊದಲ ಹಣ, ಮೊದಲ ವರ್ಷಗಳು, ಮೊದಲ ಬುದ್ಧಿವಂತರು ಈ ಕೂಡಿನ ಕೆಲಸಕ್ಕೆ ಹೋಗಬೇಕು. ಇಂಧನವನ್ನು ಹಣ ಕೊಟ್ಟು ತರಬಹುದು. ಅಮೆರಿಕವೇ ಒಂದು ಕಾಲಕ್ಕೆ ರಷ್ಯದಿಂದ ತಂದಿದೆ. ಲೋಹವನ್ನೂ ತರಬಹುದು. ಬೆಸುಗೆಯ ಕೈ ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ.

ಅಲ್ಲದೆ ಇಂಥ ವಿದ್ಯೆಗಳು ಬಳಕೆ ತಪ್ಪಿದರೆ ಬತ್ತುತ್ತವೆ. ಅಮೆರಿಕದವರು 1988ರಲ್ಲಿ ಪ್ಲುಟೋನಿಯಂ-238ನ್ನು ತಯಾರಿಸುವುದನ್ನು ನಿಲ್ಲಿಸಿದರು. ಮತ್ತೆ ಬೇಕೆಂದು ಎದ್ದು, ಮೊದಲ 50 ಗ್ರಾಂ ಹೊಸದಾಗಿ ಕೈಗೆ ಬರುವಾಗ 2015 ಬಂದಿತ್ತು. ಅಷ್ಟು ದೊಡ್ಡ ದೇಶಕ್ಕೆ, ಅಷ್ಟು ಹಣವುಳ್ಳ ದೇಶಕ್ಕೆ, ಮಲಗಿಸಿದ ಕುಲುಮೆಯನ್ನು ಎಬ್ಬಿಸುವುದು ಇಷ್ಟು ಕಷ್ಟವಾದರೆ ನಾವು ಎಚ್ಚರವಾಗಿರುವುದು ಮೇಲಲ್ಲವೇ?

ಇಲ್ಲಿ ನಮ್ಮ ವಿದ್ಯಾಭ್ಯಾಸದ ಒಂದು ಕೆಟ್ಟ ರೂಢಿಯನ್ನು ಹೇಳದೆ ಇರಲಾರೆ. ಕೈಗೆ ಮಸಿ ಹತ್ತುವ ಕೆಲಸವನ್ನು ನಾವು ವಿದ್ಯೆಯೆಂದು ಎಣಿಸುವುದಿಲ್ಲ. ಅಂಕ ಕಡಿಮೆ ಬಿದ್ದವನು ಐ. ಟಿ. ಐ.ಗೆ, ಹೆಚ್ಚು ಬಿದ್ದವನು ಕಾಲೇಜಿಗೆ ಎಂಬ ತೂಗುವಿಕೆ ಊರೂರಿನಲ್ಲಿಯೂ ನಡೆದಿದೆ. ಪತ್ತಾರಿಕೆ, ಕಂಬಾರಿಕೆಗಳನ್ನು ಒಂದೊಂದು ಜಾತಿಯ ಮನೆಯೊಳಗೆ ಕೂಡಿಹಾಕಿದೆವು. ಆ ಮನೆಯ ಮಕ್ಕಳು ಓದಿ ಹೊರಬಂದಾಗ ಅವರಿಗೇ ಅದು ನಾಚಿಕೆಯ ಮಾತಾಗುವಂತೆ ಮಾಡಿದೆವು. ಸವದತ್ತಿಯ ಜಲಾಶಯದಿಂದ ಮಲಪ್ರಭೆಯ ನೀರು ನಮ್ಮ ಅಮ್ಮಿನಬಾವಿಗೆ ಬಂದು, ಇಲ್ಲಿ ಶುದ್ಧವಾಗಿ ಹುಬ್ಬಳ್ಳಿ-ಧಾರವಾಡಗಳ ನಲ್ಲಿಗಳಿಗೆ ಹೋಗುತ್ತದೆ. ಇಂಥ ದಾರಿಯುದ್ದಕ್ಕೂ ನೀರನ್ನು ಹಿಡಿದಿಡುವುದು ಉಕ್ಕಿನ ಕೊಳವೆಯೆಂದು ನಾವು ತಿಳಿಯುತ್ತೇವೆ. ಕೊಳವೆಗೆ ಕೊಳವೆ ಕೂಡುವಲ್ಲಿ ಮಂಡಿಯೂರಿ ಕುಳಿತು, ಮುಖಕ್ಕೆ ಕಪ್ಪು ಗಾಜು ಹಿಡಿದು ಬೆಸೆದವನ ಹೆಸರನ್ನು ಯಾವ ಶಿಲಾಫಲಕದ ಮೇಲೂ ನಾನು ಕಂಡಿಲ್ಲ. ಉದ್ಘಾಟಿಸಿದವರ ಹೆಸರುಗಳು ಮಾತ್ರ ಎಲ್ಲ ಫಲಕಗಳ ಮೇಲೂ ಇರುತ್ತವೆ.

ಇದಕ್ಕೆ ವಿರುದ್ಧವಾದ ಒಳ್ಳೆಯ ಉದಾಹರಣೆಯೂ ನಮ್ಮ ಜಿಲ್ಲೆಯಲ್ಲಿಯೇ ಇದೆ. ಗರಗದಲ್ಲಿ ರಾಷ್ಟ್ರಧ್ವಜದ ಖಾದಿಯನ್ನು ನೇಯುತ್ತಾರೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜವನ್ನು ಹೊಲಿಯುತ್ತಾರೆ. ಎಳೆಯ ಎಣಿಕೆ, ಬಣ್ಣ, ಅಳತೆ, ಹೊಲಿಗೆ ಎಲ್ಲಕ್ಕೂ ಬರೆದಿಟ್ಟ ಮಾನಕವುಂಟು. ಮಾನಕಕ್ಕೆ ಹೊಂದದ್ದು ಧ್ವಜವಲ್ಲ, ಬರಿಯ ಬಟ್ಟೆ. ಹಳ್ಳಿಯ ಕೈಗಳು ಅತಿ ಕಠಿಣವಾದ ಪರೀಕ್ಷೆಗೆ ನಿಲ್ಲಬಲ್ಲವು, ನಿಲ್ಲುವುದನ್ನು ಅಭಿಮಾನವೆಂದು ತಿಳಿಯಬಲ್ಲವು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ಕೆಲಸವೇ ಬೇಡ, ವಿಷವನ್ನು ಆಕಾಶಕ್ಕೆ ಒಯ್ಯುವುದೇ ತಪ್ಪು ಎನ್ನುವ ಗೆಳೆಯರಿದ್ದಾರೆ. ಅವರ ಮಾತನ್ನು ನಾನು ಹಗುರಾಗಿ ಎಣಿಸುವುದಿಲ್ಲ. ಬಿಸಿಲಿನಿಂದ ಆಗುವ ಕೆಲಸವನ್ನು ಬಿಸಿಲಿನಿಂದಲೇ ಮಾಡಬೇಕು. ‘ಜೂನೊ’ ನೌಕೆ 2016ರಲ್ಲಿ ಗುರುಗ್ರಹವನ್ನು ಬಿಸಿಲಿನ ಫಲಕಗಳಿಂದಲೇ ಮುಟ್ಟಿತು. ವಿಶ್ವಸಂಸ್ಥೆಯ ಮಹಾಸಭೆ 1992ರ ಡಿಸೆಂಬರಿನಲ್ಲಿ ಒಪ್ಪಿದ ತತ್ತ್ವಗಳೂ ಇದನ್ನೇ ಹೇಳುತ್ತವೆ: ಬೇರೆ ದಾರಿಯಿಂದ ಆಗದ ಯಾತ್ರೆಗಳಿಗೆ ಮಾತ್ರ ಪರಮಾಣು ಮೂಲ; ಮತ್ತು ಮರಳಿ ಬೀಳುವ ಕಾವನ್ನು ತಡೆದು ವಿಷವನ್ನು ಹರಡಗೊಡದ ಹೊದಿಕೆ. ಹದಿನಾಲ್ಕು ದಿನಗಳ ರಾತ್ರಿ ಬೇರೆ ದಾರಿಯಿಂದ ಸುಲಭವಾಗಿ ದಾಟಲಾಗದ ರಾತ್ರಿ ಎಂದು ನನಗೆ ತೋರುತ್ತದೆ. ಆದರೆ ದಾಟುವವರು ನಮಗೆ ಲೆಕ್ಕ ಒಪ್ಪಿಸಬೇಕು. ಇಷ್ಟು ಭರಣಿಗಳನ್ನು ಬೆಸೆದೆವು, ಇಷ್ಟನ್ನು ಪರೀಕ್ಷೆಯಲ್ಲಿ ತಳ್ಳಿಹಾಕಿದೆವು, ಇಷ್ಟನ್ನು ಅಪ್ಪಳಿಸಿ ನೋಡಿದೆವು, ಹೀಗಾಯಿತು ಎಂಬ ಲೆಕ್ಕ ಹಾರುವುದಕ್ಕೆ ಮೊದಲೇ ಸಂಸತ್ತಿನ ಮುಂದೆ, ಸಾಧ್ಯವಿದ್ದರೆ ನಮ್ಮ ಭಾಷೆಯಲ್ಲಿಯೂ, ಬರಬೇಕು. ನಂದಾದೇವಿಯ ಸುದ್ದಿಯನ್ನು ಹದಿಮೂರು ವರ್ಷ ಮುಚ್ಚಿಟ್ಟಿದ್ದರಿಂದ ಹಿಮದಡಿಯ ಯಂತ್ರಕ್ಕೆ ಒಂದು ಹೊದಿಕೆಯೂ ಹೆಚ್ಚಾಗಲಿಲ್ಲ. ಆ ಲೆಕ್ಕವನ್ನು ಓದಿ ತಿಳಿಯುವುದು, ತಿಳಿಯದ್ದನ್ನು ಕೇಳುವುದು, ಇತಿಹಾಸ ರಾಜ್ಯಶಾಸ್ತ್ರಗಳನ್ನು ಓದುವ ನಮ್ಮ ಪಾಲಿನ ಕೆಲಸ.

ಕೊನೆಗೆ ಸಂಪಾದಕ ಮಂಡಲಿಗೂ ವಿದ್ಯಾರ್ಥಿ ಸಂಘದ ಕಾರ್ಯದರ್ಶಿಗಳಿಗೂ ಒಂದು ಬಿನ್ನಹ. ಬರುವ ವರ್ಷದ ಸ್ನೇಹಸಮ್ಮೇಳನದಲ್ಲಿ ಮೂವರು ಭಾಷಣಕಾರರು ಸಾಕು. ನಾಲ್ಕನೆಯವರ ವೇಳೆಯನ್ನು ಒಬ್ಬ ಪತ್ತಾರರಿಗೂ ಒಬ್ಬ ಕೊಳವೆಯ ವೆಲ್ಡರರಿಗೂ ಕೊಡಿರಿ. ಅವರು ಮಾತಾಡಬೇಕಾಗಿಲ್ಲ, ವೇದಿಕೆಯ ಮೇಲೆ ಅಗ್ಗಿಷ್ಟಿಕೆ ಹೂಡಿ, ನಾವೆಲ್ಲ ನೋಡುತ್ತಿರುವಂತೆ, ಒಂದು ಬಳೆಯನ್ನೂ ಒಂದು ಕೊಳವೆಯನ್ನೂ ಬೆಸೆಯಲಿ. ಪದಾರ್ಥವಿಜ್ಞಾನ ಬಲ್ಲ ಅಧ್ಯಾಪಕರು ಯಾರಾದರೂ ಪಕ್ಕದಲ್ಲಿ ನಿಂತು, ಉರಿ ಸುತ್ತು ಬಂದು ತನ್ನ ಮೊದಲ ಎಡೆಯನ್ನು ಮತ್ತೆ ಮುಟ್ಟುವಾಗ ಏನಾಗುತ್ತದೆ ಎಂಬುದನ್ನು ವಿವರಿಸಲಿ. ಮುಂದಿನ ಸಾಲಿನಲ್ಲಿ ಕೂಡುವವರಿಗೆ ಕಪ್ಪು ಗಾಜು ಒದಗಿಸುವುದನ್ನು ಮಾತ್ರ ಕಾರ್ಯದರ್ಶಿಗಳು ಮರೆಯಬಾರದು.